ಹನ್ನೊಂದು ಹದಿನೇಳರ ಕರೆ

ಆಟಿ ತಿಂಗಳ ಕಾರ್ಮೋಡಗಳು ತಮ್ಮ ಭಾರವನ್ನೆಲ್ಲ ನೇತ್ರಾವತಿಗೆ ಒಪ್ಪಿಸಿ ಹಗುರಾದ ಮೇಲೆ, ತುಳುವರು ಸೋಣವೆಂದು ಕರೆಯುವ ಆ ಚಂಚಲ ಮಾಸ ಕಾಲಿಡುತ್ತದೆ. ಸಹೃದಯರೇ, ಸೋಣದ ಆಕಾಶವನ್ನು ನಂಬಿ ಈ ಸೀಮೆಯ ಯಾವ ಗೃಹಿಣಿಯೂ ಅಂಗಳದಲ್ಲಿ ಹಪ್ಪಳ ಹರಡುವುದಿಲ್ಲ. ಈಗ ನೋಡಿದರೆ ಬಂಟ್ವಾಳದ ಹೊಳೆಬದಿಯ ಹೆಂಚುಗಳ ಮೇಲೆಲ್ಲ ಹೊಂಬೆಳಕು ಹರಿದಾಡುತ್ತಿರುತ್ತದೆ. ಕಣ್ಣು ಮಿಟುಕಿಸುವುದರೊಳಗೆ ಎಲ್ಲಿಂದಲೋ ಬಂದ ತುಂಡು ಮೋಡವೊಂದು, ಆ ಬೆಳಕನ್ನು ಒರೆಸದೆಯೇ, ಬಿಸಿಲಿನ ನಡುವೆಯೇ ನಾಲ್ಕು ಹನಿ ಸುರಿದು ಓಡಿಹೋಗುತ್ತದೆ... ಬೆಳ್ತಂಗಡಿಯ ಕಡೆಗೆ ಮುಖ ಮಾಡಿದರೆ ಗಡಾಯಿಕಲ್ಲು ಬೆಟ್ಟದ ನೆತ್ತಿ ಒಂದು ಗಳಿಗೆ ಕಾಣುತ್ತದೆ, ಮರುಗಳಿಗೆ ಮಂಜಿನಲ್ಲಿ ಮರೆಯಾಗುತ್ತದೆ. ಮೂಡುಬಿದಿರೆಯ ಬಸದಿಯ ಕಲ್ಲುಗೋಡೆ ಬೆಳಗ್ಗೆ ಒಣಗಿ, ಮಧ್ಯಾಹ್ನ ನೆನೆದು, ಸಂಜೆಗೆ ಮತ್ತೆ ಒಣಗುತ್ತದೆ. ನಗುವುದೋ ಅಳುವುದೋ ನಿಶ್ಚಯಿಸಲಾರದ ಈ ಋತುವನ್ನೇ ಹೋಲುವ ಮನಸ್ಸೊಂದು ಆ ವರ್ಷ ಅದೇ ರಸ್ತೆಯ ಮೇಲೆ ದಿನವಿಡೀ ಓಡಾಡುತ್ತಿತ್ತು. ಆ ಮನಸ್ಸಿನ ಒಡೆಯ ಬಸ್ ಚಾಲಕ ಧನರಾಜ್.

ಬಿ.ಸಿ. ರೋಡಿನಿಂದ ಹೊರಟು, ಬಂಟ್ವಾಳ ಪೇಟೆ ದಾಟಿ, ಸಿದ್ಧಕಟ್ಟೆಯ ಮೇಲಾಗಿ ಮೂಡುಬಿದಿರೆಗೆ, ಅಲ್ಲಿಂದ ವೇಣೂರು ಹಾದು ಬೆಳ್ತಂಗಡಿಗೆ. ಮತ್ತೆ ಬಂದ ದಾರಿಯಲ್ಲೇ ಹಿಂದಕ್ಕೆ. ಹತ್ತು ವರ್ಷಗಳಿಂದ ಅವನ ಆಯುಷ್ಯ ಈ ದಾರಿಯ ತಿರುವುಗಳಲ್ಲೇ ಸವೆದಿತ್ತು. ನಮಗೆ ನಿಮಗೆ ಹತ್ತು ನಿಮಿಷ ಹೆಚ್ಚು ಕಡಿಮೆಯಾದರೆ ಲೋಕವೇನೂ ಮುಳುಗುವುದಿಲ್ಲ. ಖಾಸಗಿ ಬಸ್ಸಿನವರ ಲೋಕ ಒಂದೇ ನಿಮಿಷಕ್ಕೆ ಮುಳುಗುತ್ತದೆ: ಹನ್ನೊಂದು ಹದಿನೇಳಕ್ಕೆ ದಾಟಬೇಕಾದ ನಿಲ್ದಾಣವನ್ನು ಹದಿನೆಂಟಕ್ಕೆ ದಾಟಿದರೆ ಹಿಂದಿನ ಬಸ್ಸಿನವನು ಜಗಳಕ್ಕೆ ಬರುತ್ತಾನೆ. ಹೀಗಾಗಿ ಧನರಾಜನ ಎದೆಯೊಳಗೇ ಒಂದು ಗಡಿಯಾರ ಕೂತಿತ್ತು. ಆದರೆ ಆ ಗಡಿಯಾರದಲ್ಲಿ ಎರಡು ನಿಮಿಷಗಳು ಮಾತ್ರ ಬಸ್ಸಿಗೂ ಮಾಲೀಕನಿಗೂ ಸೇರಿದವಾಗಿರಲಿಲ್ಲ, ಮಗಳಿಗೆ ಸೇರಿದವಾಗಿದ್ದವು.

ಮಗಳು ವಿಸ್ಮಿತಾ, ನಾಲ್ಕೂವರೆ ವರ್ಷದವಳು. ಸಿದ್ಧಕಟ್ಟೆ ಸಮೀಪದಲ್ಲಿ ರಸ್ತೆಗೆ ಒತ್ತಿಕೊಂಡೇ ಇದ್ದ ಒಂದು ಚಿಕ್ಕ ಶಾಲೆಯಲ್ಲಿ ಆ ಜೂನಿನಿಂದ ಎಲ್.ಕೆ.ಜಿ.ಗೆ ಹೋಗುತ್ತಿದ್ದಳು. ಅಲ್ಲಿಂದ ಕೂಗಳತೆಯಲ್ಲಿ ಅವರ ಬಾಡಿಗೆ ಮನೆ. ಧನರಾಜ್ ಬೆಳಗ್ಗೆ ಅವಳು ಏಳುವ ಮೊದಲೇ ಹೊರಟು ದೀಪ ಹಚ್ಚಿದ ಮೇಲೆ ಮರಳುವವನು. ಶಾಲೆಗೆ ಕೈಹಿಡಿದು ಕರೆದೊಯ್ಯುವುದು ಅವನ ತಾಯಿ ಸರಸಮ್ಮ. ಆದ್ದರಿಂದ ಹಗಲಿನಲ್ಲಿ ಅವನಿಗೆ ದಕ್ಕುತ್ತಿದ್ದದ್ದು ಎರಡೇ ಎರಡು ನಿಮಿಷ. ಬೆಳ್ತಂಗಡಿಯಿಂದ ಬರುವಾಗ ಹನ್ನೊಂದು ಹದಿನೇಳಕ್ಕೊಮ್ಮೆ, ಬಿ.ಸಿ. ರೋಡಿನಿಂದ ಮೇಲೆ ಹೋಗುವಾಗ ಎರಡು ನಲವತ್ತೆರಡಕ್ಕೊಮ್ಮೆ, ಶಾಲೆಯ ಮುಂದೆ ಬಸ್ಸು ಹಾದುಹೋಗುವಾಗ ಅವನು ಎರಡು ಬಾರಿ ಹಾರ್ನ್ ಒತ್ತುತ್ತಿದ್ದ. ನಾನಿದ್ದೇನೆ ಎಂದು ಹೇಳುವುದಕ್ಕೆ ಅವನಿಗೆ ಸಿಕ್ಕಿದ್ದ ಭಾಷೆ ಅದೊಂದೇ.

ತಾಯಿ ಎಲ್ಲಿ ಎನ್ನುವಿರಾ? ತೃಪ್ತಿ ದೂರದ ಮಸ್ಕತ್ತಿನ ಆಸ್ಪತ್ರೆಯೊಂದರಲ್ಲಿ ಮಕ್ಕಳ ವಾರ್ಡಿನ ದಾದಿ. ಮದುವೆಗೆ ಮುಂಚೆ ಅರ್ಜಿ ಹಾಕಿ ಮರೆತೇಬಿಟ್ಟಿದ್ದ ಕೆಲಸ ಆರು ವರ್ಷದ ಮೇಲೆ ಬಾಗಿಲು ಬಡಿದಾಗ, ಹೋಗೆಂದು ಹೇಳಿದವನು ಧನರಾಜನೇ. ಅವಳು ಆ ಕೆಲಸವನ್ನು ಎಷ್ಟು ಪ್ರೀತಿಸುತ್ತಾಳೆಂದು ಅವನಿಗೆ ಗೊತ್ತಿತ್ತು. ಮತ್ತು ಅವಳು ಪ್ರೀತಿಸಿದ್ದೆಲ್ಲ ಅವಳಿಗೆ ಸಿಗಬೇಕೆಂಬುದು ಅವನ ದಾಂಪತ್ಯದ ಸರಳ ಸೂತ್ರವಾಗಿತ್ತು. ಮಗುವನ್ನೂ ಕರೆದೊಯ್ಯಲೇ ಎಂದು ಅವಳು ಕೇಳಿದಾಗ ಮಾತ್ರ ಅವನು ಮುಖ ತಿರುಗಿಸಿ, "ಇನ್ನೂ ಚಿಕ್ಕವಳು, ಇಲ್ಲಿ ಅಜ್ಜಿ ಇದ್ದಾರೆ," ಎಂದಿದ್ದ. ಸತ್ಯವೇನೆಂದರೆ ಮಗಳಿಲ್ಲದ ಮನೆಯ ಬಾಗಿಲು ತೆರೆಯುವ ಧೈರ್ಯ ಅವನಿಗಿರಲಿಲ್ಲ. ಎಂಟು ತಿಂಗಳಿನಿಂದ, ಮನೆಯಲ್ಲಿರುವ ಸಂಜೆಗಳಲ್ಲಿ, ಅವನೇ ಜಡೆ ಹಾಕಲು ಕಲಿತಿದ್ದ, ಉಗುರು ಕತ್ತರಿಸಲು ಕಲಿತಿದ್ದ. ಸ್ಟೀರಿಂಗ್ ಹಿಡಿದು ಒರಟಾದ ಆ ಬೆರಳುಗಳು ಅವಳ ಕಿವಿಯೋಲೆಯ ಸಣ್ಣ ತಿರುಪನ್ನು ಹಿಡಿಯಲು ತಡಕಾಡುತ್ತಿದ್ದವು.

ಸೋಣದ ಮೊದಲ ವಾರ. ಬಿ.ಸಿ. ರೋಡಿನ ನಿಲ್ದಾಣದಲ್ಲಿ ಬಸ್ಸು ನಿಲ್ಲಿಸಿ, ಕಂಡಕ್ಟರ್ ಇರ್ಷಾದ್ ತಂದಿಟ್ಟ ಚಹಾಕ್ಕೆ ಕೈಚಾಚಿದ್ದ. ಆಗ ಫೋನು ಬಂತು. ಶಾಲೆಯ ಶಿವಲೀಲಾ ಟೀಚರ್. ಗದಗದ ಕಡೆಯವರು, ಆ ವರ್ಷವಷ್ಟೇ ಈ ಊರಿಗೆ ಬಂದವರು, ಹೂವಿನಂಥ ಮನಸ್ಸಿನ ತರುಣಿ.

"ವಿಸ್ಮಿತಾನ ತಂದೆಯವರಾ? ಹೇಳಬೇಕೋ ಬ್ಯಾಡೋ ಅಂತ ಎಂಟು ದಿನ ಯೋಚನಿ ಮಾಡೀನ್ರಿ. ಕೂಸು ದಿನಾ ಅಳ್ತದ. ಅಮ್ಮ ಹೋದ್ರು, ಅಮ್ಮ ಹೋದ್ರು ಅಂತ ಕಿಟಕಿ ಹಿಡಕೊಂಡು ಅಳ್ತದ. ನೋಡಾಕ ಆಗಂಗಿಲ್ರಿ."

ಧನರಾಜನ ಕೈಯಲ್ಲಿದ್ದ ಚಹಾದ ಲೋಟ ಅಲ್ಲೇ ನಿಂತಿತು.

"ಅಮ್ಮ ಅಂತಲೇ ಹೇಳ್ತಾಳಾ ಟೀಚರ್?"

"ಹೌದ್ರಿ. ನಿಮ್ಮ ತುಳು ನನಗ ಬರಂಗಿಲ್ಲ, ಖರೆ. ಆದರ ಅಮ್ಮ ಅನ್ನೋದು ಯಾವ ಭಾಷಾದಾಗ ಅಂದ್ರೂ ತಿಳೀತದಲ್ರಿ."

ತಿಳಿಯುತ್ತದೆ, ನಿಜ. ಲೋಕದಲ್ಲಿ ಅದಕ್ಕಿಂತ ನಿಸ್ಸಂದೇಹವಾದ ಶಬ್ದ ಬೇರೆ ಯಾವುದಿದೆ? ಧನರಾಜ್ ಸಂಶಯಿಸಲಿಲ್ಲ. ಮನೆಯಲ್ಲಿ ತನ್ನ ಹೆಗಲೇರಿ ನಗುವ ಮಗಳು, ತನ್ನೆದುರು ಒಂದು ದಿನವೂ ತಾಯಿಯನ್ನು ಬೇಡಿ ಹಟ ಹಿಡಿಯದ ಮಗಳು, ಅಳುವನ್ನೆಲ್ಲ ಕೂಡಿಟ್ಟು ಶಾಲೆಯ ಕಿಟಕಿಗೆ ಒಪ್ಪಿಸುತ್ತಿದ್ದಾಳೆ... ತಂದೆಗೆ ನೋವಾದೀತೆಂದು ನಾಲ್ಕೂವರೆ ವರ್ಷದ ಕಂದ ನುಂಗಿಕೊಳ್ಳುತ್ತಿದೆ! ಈ ಯೋಚನೆ ಅವನನ್ನು ಇರಿದ ಬಗೆಯನ್ನು ಹೇಗೆ ಹೇಳಲಿ? ಚಹಾ ಆರಿತು, ಅವನು ಕುಡಿಯಲಿಲ್ಲ.

ಆ ಮಧ್ಯಾಹ್ನ ಎರಡು ನಲವತ್ತೆರಡಕ್ಕೆ ಶಾಲೆಯ ಮುಂದೆ ಹಾರ್ನ್ ಒತ್ತುವಾಗ ಅವನ ಕಣ್ಣು ಕಿಟಕಿಯತ್ತ ಹೊರಳಿತು. ಸರಳುಗಳ ಹಿಂದೆ ಪುಟ್ಟ ಕೈಯೊಂದು ಕಂಡಂತಾಯಿತು. ಬಸ್ಸು ನಿಲ್ಲುವಂತಿರಲಿಲ್ಲ. ವೇಣೂರಿನಲ್ಲಿ ಇಳಿಯಬೇಕಿದ್ದ ಮುದುಕರೊಬ್ಬರನ್ನು ಎರಡು ನಿಲ್ದಾಣ ಮುಂದೆ ಇಳಿಸಿ ಬೈಸಿಕೊಂಡ. "ಏನಾಯಿತು ಮಾರಾಯಾ ನಿನಗೆ, ಹತ್ತು ವರ್ಷದಲ್ಲಿ ಹೀಗೆ ಮಾಡಿದವನಲ್ಲ," ಎಂದು ಇರ್ಷಾದ್ ಕೇಳಿದರೆ, ಬಿಸಿಲು ಕಣ್ಣಿಗೆ ಹೊಡೆಯಿತೆಂದ. ಆಗ ಮಳೆ ಬರುತ್ತಿತ್ತು.

ಬೆಳ್ತಂಗಡಿಯ ನಿಲ್ದಾಣದಲ್ಲಿ ನಿಂತು ಅವನು ತೃಪ್ತಿಗೆ ಫೋನು ಮಾಡಿದ.

"ವಿಸ್ಮಿ ಶಾಲೆಯಲ್ಲಿ ದಿನಾ ಅಳ್ತಾಳಂತೆ. ನಿನ್ನನ್ನು ಕರೀತಾಳಂತೆ."

"ನನ್ನನ್ನಾ?" ಎಂದಳು ತೃಪ್ತಿ ಸಮುದ್ರದಾಚೆಯಿಂದ.

ಆ ಒಂದು ಶಬ್ದದಲ್ಲಿ ಎಂಟು ತಿಂಗಳ ಏಕಾಂತವಿತ್ತು. ಬೇರೆಯವರ ಮಕ್ಕಳ ಹಣೆ ಮುಟ್ಟಿ ಜ್ವರ ನೋಡುವಾಗಲೆಲ್ಲ, ನನ್ನದು ನನ್ನನ್ನು ಮರೆತಿತೇ ಎಂದು ತನ್ನೊಳಗೇ ಕೇಳಿಕೊಂಡವಳ ಸಂಕಟವಿತ್ತು. ಮರೆತಿಲ್ಲ ಎಂದು ತಿಳಿದ ಸುಖವೂ ಇತ್ತು. ಧನರಾಜ್ ಆ ಸುಖವನ್ನು ಕೇಳಿಸಿಕೊಂಡ. ಅವಳಿಗೆ ಸುಖವಾದದ್ದಕ್ಕೆ ಅವನಿಗೆ ಸಮಾಧಾನವೂ ಆಯಿತು, ಮಗಳು ಕೈತಪ್ಪುತ್ತಾಳೆಂಬ ದಿಗಿಲೂ ಆಯಿತು.

"ಅವಳ ವೀಸಾಕ್ಕೆ ಅರ್ಜಿ ಕೊಡುವ," ಎಂದ. "ಆವತ್ತು ನೀನು ಹೇಳಿದ್ದೆ, ನಾನು ಬೇಡ ಅಂದಿದ್ದೆ. ನನ್ನದು ತಪ್ಪು. ನೀನು ಬಂದು ಕರ್ಕೊಂಡು ಹೋಗು."

"ಮತ್ತೆ ನೀವು?"

"ನನಗೆ ಬಸ್ಸುಂಟಲ್ಲ."

ಅಲ್ಲಿಂದ ಶುರುವಾಯಿತು ನೋಡಿ ಅವನ ವನವಾಸ. ದೇಹ ಸೀಟಿನ ಮೇಲಿದ್ದರೆ ಜೀವ ಎಲ್ಲೂ ನಿಲ್ಲದು. ಸಂಜೆ ಮನೆಗೆ ಬಂದರೆ ಮಗಳ ಫ್ರಾಕುಗಳನ್ನು ಮಡಿಸುವುದು, ಮಡಿಸಿದ್ದನ್ನು ಬಿಚ್ಚುವುದು, ಈ ಅಂಗಿ ಅಲ್ಲಿನ ಸೆಕೆಗೆ ಆದೀತೇ ಎಂದು ಮತ್ತೆ ಮಡಿಸುವುದು. ಅವಳ ಹಳೆಯ ಚಿತ್ರಪುಸ್ತಕದ ಖಾಲಿ ಹಾಳೆಯ ಮೇಲೆ ತೃಪ್ತಿಗಾಗಿ ಅವನು ಬರೆದಿಡತೊಡಗಿದ: ಹಾಲು ಸ್ಟೀಲಿನ ಲೋಟದಲ್ಲಿ ಕೊಟ್ಟರೆ ಮಾತ್ರ ಕುಡಿಯುತ್ತಾಳೆ. ಸಾರಿನ ಕರಿಬೇವು ತೆಗೆಯಬೇಕು, ಅವಳ ಕಣ್ಣೆದುರೇ ತೆಗೆಯಬೇಕು. ಮಲಗುವಾಗ ನನ್ನ ಅಂಗಿಯ ಗುಂಡಿ ಹಿಡಿದುಕೊಳ್ಳುತ್ತಾಳೆ... ಈ ಕೊನೆಯದನ್ನು ಬರೆದು, ಅದಕ್ಕೆ ಪರಿಹಾರವೇನೆಂದು ತಿಳಿಯದೆ, ಪೆನ್ನು ಮುಚ್ಚಿಟ್ಟ.

"ಮಗುವನ್ನು ಕಳಿಸಿ ನೀನು ಇರ್ತೀಯಾ?" ಎಂದು ಸರಸಮ್ಮ ಒಮ್ಮೆ ಮಾತ್ರ ಕೇಳಿದರು.

"ಅವಳಿಗೆ ಯಾರು ಬೇಕೋ ಅವರ ಹತ್ತಿರ ಇರಲಿ ಅಮ್ಮ. ನನಗೆ ಬೇಕು ಅಂತ ಅವಳನ್ನು ಅಳಿಸಿ ಇಟ್ಟುಕೊಳ್ಳುವುದು ಹೇಗೆ?"

ಹೆತ್ತವರಿಗೆ ಹೆತ್ತವರ ಸಂಕಟ ತಿಳಿಯುತ್ತದೆ.

ಮಗುವನ್ನು ಕೇಳಿದರೇ ಎಂದು ನೀವು ಕೇಳಬಹುದು. ದೊಡ್ಡವರು ಮಗುವಿನ ಹಣೆಬರಹ ಬರೆಯುವಾಗ ಮಗುವನ್ನು ಕೇಳುವ ಪದ್ಧತಿ ಎಲ್ಲಿದೆ? ಆದರೂ ಧನರಾಜ್ ಒಂದು ಸಂಜೆ ಅವಳನ್ನು ಮಡಿಲಲ್ಲಿ ಕೂರಿಸಿಕೊಂಡು, ಅಮ್ಮನ ಜೊತೆ ವಿಮಾನದಲ್ಲಿ ಹೋಗ್ತೀಯಾ ಎಂದ. ವಿಸ್ಮಿತಾ ತಲೆಯಾಡಿಸಿದಳು. ವಿಮಾನ ಬೇಡವೆನ್ನುವ ಮಗು ಯಾವ ಊರಿನಲ್ಲಿದೆ?

"ವಿಮಾನಕ್ಕೆ ಹಾರ್ನ್ ಉಂಟಾ ಪಪ್ಪ?"

"ಇಲ್ಲ ಮಗಾ."

"ಮತ್ತೆ ಬಂದದ್ದು ಹೇಗೆ ಗೊತ್ತಾಗುವುದು?"

ಆ ಪ್ರಶ್ನೆ ಅವನನ್ನು ಒಂದು ಕ್ರೂರ ನಿರ್ಧಾರಕ್ಕೆ ದೂಡಿತು. ನಾಳೆ ಹಾರ್ನ್ ಇಲ್ಲದ ಊರಿಗೆ ಹೋಗುವವಳು; ಈಗಿನಿಂದಲೇ ಅಭ್ಯಾಸವಾಗಲಿ. ಮರುದಿನ ಹನ್ನೊಂದು ಹದಿನೇಳಕ್ಕೆ ಶಾಲೆ ಸಮೀಪಿಸಿದಾಗ ಅವನು ಎರಡು ಕೈಗಳನ್ನೂ ಸ್ಟೀರಿಂಗಿಗೆ ಬಿಗಿದು ಹಿಡಿದ. ಬಸ್ಸು ಮೌನವಾಗಿ ಹಾದುಹೋಯಿತು. ಮೂರನೆಯ ದಿನ ಇರ್ಷಾದ್ ಹಿಂದಿನಿಂದ ಬಂದು, "ಹಾರ್ನ್ ಹಾಳಾಗಿದೆಯಾ?" ಎಂದು ಕೇಳಿ, ಅವನ ಮುಖ ನೋಡಿ ಸುಮ್ಮನೆ ಟಿಕೇಟಿಗೆ ಹೋದ. ಒಂದು ವಾರ ಹೀಗೆ ನಡೆಯಿತು. ಎಂಟನೆಯ ದಿನ ಧನರಾಜನಿಂದ ಆಗಲಿಲ್ಲ. ಅಂದು ಅವನು ಒತ್ತಿದ ಹಾರ್ನಿಗೆ ರಸ್ತೆಬದಿಯ ನಾಯಿಗಳೆಲ್ಲ ಎದ್ದು ನಿಂತವು.

ತೃಪ್ತಿ ಬಂದಳು. ಹತ್ತು ದಿನಗಳ ರಜೆ, ಹಿಂತಿರುಗುವಾಗ ಇಬ್ಬರ ಟಿಕೇಟು. ಮೊದಲ ದಿನ ವಿಸ್ಮಿತಾ ಅಪ್ಪನ ಕಾಲಿನ ಹಿಂದೆ ಅಡಗಿದಳು, ಎರಡನೆಯ ದಿನ ತಾಯಿಯ ಬಳೆ ಮುಟ್ಟಿ ನೋಡಿದಳು, ಮೂರನೆಯ ದಿನ ಮಡಿಲೇರಿದಳು. ಆಹಾ, ಆ ಮೂರನೆಯ ದಿನದ ತೃಪ್ತಿಯ ಮುಖ! ಒಡಲು ತುಂಬಿ ಬಂದವಳಂತೆ ಅವಳು ಮನೆಯೆಲ್ಲ ಓಡಾಡಿದಳು. ಮತ್ತೆ ಮತ್ತೆ ಗಂಡನ ಹತ್ತಿರ ಬಂದು, "ಟೀಚರ್ ಏನು ಹೇಳಿದ್ದು, ಇನ್ನೊಮ್ಮೆ ಹೇಳಿ," ಎನ್ನುವಳು. ಅವನು ಇನ್ನೊಮ್ಮೆ ಹೇಳುವನು: ಕಿಟಕಿ ಹಿಡಿದುಕೊಂಡು ಅಮ್ಮ ಹೋದ್ರು ಅಂತ ಅಳ್ತಾಳಂತೆ. ಹೆಂಡತಿಗೆ ಇಷ್ಟದ ಪದಾರ್ಥವನ್ನು ಪ್ರತಿ ಸಲವೂ ಬಿಸಿಬಿಸಿಯಾಗಿ ಬಡಿಸುವವನಂತೆ ಅವನು ಆ ಮಾತನ್ನು ಬಡಿಸುತ್ತಿದ್ದ. ಅವಳು ಉಣ್ಣುವುದನ್ನು ನೋಡುತ್ತ ತಾನು ಉಪವಾಸ ಕೂರುತ್ತಿದ್ದ. ಅವಳ ಹೆರಳಿನಲ್ಲಿ ಕಂಡ ಒಂದೆರಡು ಬಿಳಿಗೂದಲು, ಔಷಧದ ವಾಸನೆ ಹಿಡಿದ ಅಂಗೈ, ಯಾವುದನ್ನು ಕಂಡರೂ ಅವನಿಗೆ ಅವಳ ಮೇಲೆ ಪ್ರೀತಿ ಉಕ್ಕುತ್ತಿತ್ತು. ಆ ಪ್ರೀತಿಯ ಪಕ್ಕದಲ್ಲೇ ದಿನಗಳು ಕಳೆಯುತ್ತಿರುವ ದಿಗಿಲೂ ಕೂತಿತ್ತು.

ಹೊರಡುವುದಕ್ಕೆ ಎರಡು ದಿನ ಇರುವಾಗ, ಗುರುವಾರ, ಟಿ.ಸಿ. ತರಲೆಂದು ಇಬ್ಬರೂ ಶಾಲೆಗೆ ಹೋದರು. ಧನರಾಜ್ ರಜೆ ಹಾಕಿದ್ದ. ಬಸ್ಸಿಗೆ ಬದಲಿ ಚಾಲಕ ಹೋಗಿದ್ದ. ಹನ್ನೊಂದು ದಾಟಿತ್ತು. ಮಕ್ಕಳು ಚಾಪೆಯ ಮೇಲೆ ಕೂತು ಮಣ್ಣಿನ ಉಂಡೆ ಮಾಡುತ್ತಿದ್ದವು. ವಿಸ್ಮಿತಾ ಎಷ್ಟು ಮಗ್ನಳಾಗಿದ್ದಳೆಂದರೆ, ಬಾಗಿಲ ಬಳಿಯ ಬೆಂಚಿನಲ್ಲಿ ಬಂದು ಕೂತ ತಂದೆತಾಯಿಯರನ್ನು ಗಮನಿಸಲೇ ಇಲ್ಲ. ಶಿವಲೀಲಾ ಟೀಚರ್ ತೃಪ್ತಿಯ ಕೈ ಹಿಡಿದರು, ಅವರ ಕಣ್ಣು ತುಂಬಿತ್ತು.

"ಬಂದ್ರಲ್ರಿ, ಭಾಳ ಚಲೋ ಆತು."

"ಅವಳು ಎಷ್ಟು ಹೊತ್ತಿಗೆ ಅಳುವುದು ಟೀಚರ್?" ಎಂದು ತೃಪ್ತಿ ಮೆಲ್ಲಗೆ ಕೇಳಿದಳು. ಜ್ವರ ಎಷ್ಟು ಹೊತ್ತಿಗೆ ಏರುತ್ತದೆಂದು ಕೇಳಿ ಕೇಳಿ ರೂಢಿಯಾದ ದಾದಿಯ ಪ್ರಶ್ನೆ ಅದು. ಅಷ್ಟು ದಿನ ಧನರಾಜನಿಗೆ ಅದನ್ನು ಕೇಳಬೇಕೆಂದು ಹೊಳೆದಿರಲಿಲ್ಲ.

"ದಿನಕ್ಕ ಎರಡು ಸಲ ರೀ. ಹನ್ನೊಂದೂ ಕಾಲು ದಾಟಿದ ಕೂಡ್ಲೆ ಒಮ್ಮೆ, ಮಧ್ಯಾಹ್ನ ಎರಡೂ ಮುಕ್ಕಾಲರ ಸುಮಾರಿಗೆ ಇನ್ನೊಮ್ಮೆ. ಎದ್ದು ಕಿಟಕಿಗೆ ಓಡ್ತಾಳ. ನಡುವ ಒಂದು ವಾರ ಏನಾತೋ ಏನೋ, ಕಿಟಕಿ ಬಿಟ್ಟು ಕದಲಲೇ ಇಲ್ಲ. ಊಟಾನೂ ಮಾಡಲಿಲ್ಲ."

ನಿಮಿಷಗಳನ್ನು ಎದೆಯೊಳಗೆ ಹೊತ್ತು ತಿರುಗುವ ಮನುಷ್ಯ ಅವನು. ಹನ್ನೊಂದೂ ಕಾಲು ದಾಟಿದ ಕೂಡಲೆ... ಎರಡೂ ಮುಕ್ಕಾಲರ ಸುಮಾರು... ನಡುವೆ ಒಂದು ವಾರ... ಧನರಾಜ್ ಬೆಂಚಿನ ಅಂಚನ್ನು ಹಿಡಿದುಕೊಂಡ. ಅವನು ಬಾಯಿ ತೆರೆಯುವ ಮೊದಲೇ ದೂರದ ತಿರುವಿನಿಂದ ಹಾರ್ನ್ ಕೇಳಿಸಿತು, ಎರಡು ಬಾರಿ. ಇರ್ಷಾದ್ ಬದಲಿ ಚಾಲಕನಿಗೆ ಹೇಳಿಕೊಟ್ಟಿದ್ದನೆಂದು ಕಾಣುತ್ತದೆ.

ಮಣ್ಣಿನ ಉಂಡೆ ಕೈಯಿಂದ ಬಿತ್ತು. ವಿಸ್ಮಿತಾ ಎದ್ದು ಕಿಟಕಿಗೆ ಓಡಿ ಸರಳು ಹಿಡಿದು, ಮುಖವೆಲ್ಲ ಬೆಳಗಿ, ಹೇಳಿದಳು: "ಅಮ್ಮೆರ್ ಬತ್ತೆರ್."

ಬಸ್ಸು ಕಿಟಕಿಯನ್ನು ತುಂಬಿ, ಗಾಜುಗಳನ್ನು ಗಡಗಡಿಸಿ, ದಾಟಿಹೋಯಿತು. ಆ ಮುಖದ ಬೆಳಕು ಅದರ ಹಿಂದೆಯೇ ಹೊರಟುಹೋಯಿತು. ಸರಳಿಗೆ ಮುಖವೊತ್ತಿ ಅವಳು ಅಳತೊಡಗಿದಳು.

"ಅಮ್ಮೆರ್ ಪೋಯೆರ್... ಅಮ್ಮೆರ್ ಪೋಯೆರ್..."

"ಕೇಳಿದ್ರಲ್ರಿ?" ಎಂದು ಟೀಚರ್ ಪಿಸುಗುಟ್ಟಿದರು. "ಅಮ್ಮ ಹೋದ್ರು ಅಂತಾಳ."

ಭಾಷೆಗಳು ನೆರೆಮನೆಯ ಅಕ್ಕತಂಗಿಯರು. ಒಬ್ಬಳ ಸೀರೆಯನ್ನು ಇನ್ನೊಬ್ಬಳು ಉಟ್ಟು ಬಂದರೆ ದೂರದಿಂದ ಗುರುತು ತಪ್ಪುತ್ತದೆ. ತುಳುವಿನಲ್ಲಿ ಅಮ್ಮೆರ್ ಎಂದರೆ ತಂದೆ. ಬತ್ತೆರ್ ಎಂದರೆ ಬಂದರು, ಪೋಯೆರ್ ಎಂದರೆ ಹೋದರು. ಅವನ ಎದುರಿಗೆ ವಿಸ್ಮಿತಾ ಎಲ್ಲ ಮಕ್ಕಳಂತೆ ಪಪ್ಪ ಎಂದೇ ಕರೆಯುತ್ತಿದ್ದಳು. ಆದರೆ ಸಂಜೆಯ ಹೊತ್ತು ಅಂಗಳದಲ್ಲಿ ನಿಂತು, ರಸ್ತೆಯಲ್ಲಿ ಬಸ್ಸಿನ ಸದ್ದಾದಾಗಲೆಲ್ಲ, ಸರಸಮ್ಮ ತಮ್ಮ ಕಾಲದ ನುಡಿಯಲ್ಲಿ ಮೊಮ್ಮಗಳಿಗೆ ನೋಡು ನೋಡೆಂದು ತೋರಿಸುತ್ತಿದ್ದರು: ತೂಲ, ನಿನ್ನ ಅಮ್ಮೆರ್ ಬತ್ತೆರ್, ತೂಲ, ಅಮ್ಮೆರ್ ಪೋಯೆರ್. ಹೀಗೆ ಆ ಪುಟ್ಟ ಮನಸ್ಸಿನಲ್ಲಿ ಒಬ್ಬನೇ ತಂದೆಗೆ ಎರಡು ಹೆಸರು ಬೇರೂರಿದ್ದವು: ಮನೆಯಲ್ಲಿ ಸಿಗುವವನು ಪಪ್ಪ, ದಾರಿಯಲ್ಲಿ ಹಾದುಹೋಗಿ ಕೈಗೆ ಸಿಗದವನು ಅಮ್ಮೆರ್. ಮನೆಯಲ್ಲಿರುವಾಗ ಆ ಎರಡನೆಯ ಹೆಸರು ಅವಳ ಬಾಯಿಗೆ ಬರಬೇಕಾದ ಅಗತ್ಯವೇ ಇರಲಿಲ್ಲ.

ಧನರಾಜನಿಗೆ ಎದೆಯಲ್ಲಿ ಏನೋ ಒಡೆದು ಹರಿದಂತಾಯಿತು. ಅಳುತ್ತಿದ್ದದ್ದು ತನಗಾಗಿ! ಆ ಕ್ಷಣ ಅವನು ಕುಣಿದಾಡಬಹುದಿತ್ತು. ಆದರೆ ಪಕ್ಕದಲ್ಲಿ ಕೂತ ತೃಪ್ತಿಯ ಮುಖ ನೋಡಿ ಅವನ ಸಂತೋಷ ಅಲ್ಲೇ ತಲೆತಗ್ಗಿಸಿತು. ತುಳು ಅವಳ ಹಾಲಿನ ಭಾಷೆ. ಅವಳಿಗೆ ಯಾರೂ ಅರ್ಥ ಹೇಳಬೇಕಾಗಿರಲಿಲ್ಲ.

ಅಷ್ಟರಲ್ಲಿ ವಿಸ್ಮಿತಾ ತಿರುಗಿದಳು. ಬೆಂಚಿನ ಮೇಲೆ ತಂದೆಯನ್ನು ಕಂಡು, ಕಣ್ಣೀರು ಇಳಿಯುತ್ತಿದ್ದಂತೆಯೇ ಬೆರಗಾಗಿ ಒಮ್ಮೆ ರಸ್ತೆಯನ್ನು, ಒಮ್ಮೆ ಅವನನ್ನು ನೋಡಿದಳು.

"ಪಪ್ಪ, ಮತ್ತೆ ಬಸ್ಸಿನಲ್ಲಿ ಯಾರು?"

ಅವನು ತೋಳು ಚಾಚಿದ. ಅವಳು 'ಅಮ್ಮ'ನ ಮುಂದಿನಿಂದಲೇ ಓಡಿ ಬಂದು ಅವನ ಕುತ್ತಿಗೆಗೆ ಜೋತುಬಿದ್ದಳು.

"ಟೀಚರ್," ಎಂದಳು ತೃಪ್ತಿ. ರೋಗಿಯ ಕಡೆಯವರಿಗೆ ಹೇಳಬಾರದ್ದನ್ನು ಹೇಳುವಾಗಿನ ಆ ಸಮನಾದ ಸ್ವರ. "ಅಮ್ಮೆರ್ ಅಂದರೆ ತುಳುವಿನಲ್ಲಿ ಅಪ್ಪ. ಅವಳು ಇವರಿಗೋಸ್ಕರ ಅಳುವುದು. ಟಿ.ಸಿ. ಬೇಡ."

ಟೀಚರ್ ಸೆರಗಿನ ತುದಿಯನ್ನು ಬಾಯಿಗೆ ಒತ್ತಿ ನಿಂತುಬಿಟ್ಟರು. ಹಾಗಾದರೆ ಅಮ್ಮನಿಗೆ ಏನನ್ನುತ್ತೀರಿ ಎಂದು ಕೇಳುವಷ್ಟು ಧೈರ್ಯ ಅವರಿಗಿರಲಿಲ್ಲ. ಹೇಳುವಷ್ಟು ಶಕ್ತಿ ತೃಪ್ತಿಗೂ ಇರಲಿಲ್ಲ.

ಹೊರಗೆ, ಬಸ್ಸು ಕಾಯುವ ತಂಗುದಾಣದಲ್ಲಿ, ಬಿಸಿಲುಮಳೆ ಸುರಿಯುವಾಗ ಗಂಡ ಹೆಂಡತಿಗೆ ಜಗಳವಾಯಿತು. ಲೋಕದಲ್ಲಿ ಮಕ್ಕಳಿಗಾಗಿ ದಂಪತಿಗಳು ಜಗಳವಾಡುವುದುಂಟು, ನನಗೆ ಬೇಕು ತನಗೆ ಬೇಕು ಎಂದು ಕೋರ್ಟಿನ ಕಟ್ಟೆ ಹತ್ತುವುದೂ ಉಂಟು. ಇದು ಅದರ ತಿರುವುಮುರುವು.

"ನೀನು ಕರ್ಕೊಂಡು ಹೋಗು ತೃಪ್ತಿ. ನಾಲ್ಕು ದಿನ ಅತ್ತಾಳು, ಮತ್ತೆ ಸರಿಯಾಗ್ತಾಳೆ."

"ಆ ನಾಲ್ಕು ದಿನ ಯಾರನ್ನು ಕರೀತಾಳೆ?"

"ನೀನು ಅಷ್ಟು ಆಸೆಯಲ್ಲಿ ಬಂದವಳು. ನಾನು ನೋಡಿದ್ದೇನೆ ನಿನ್ನ ಮುಖ. ಖಾಲಿ ಕೈಯಲ್ಲಿ ನಿನ್ನನ್ನು ಕಳಿಸಲಿಕ್ಕೆ ನನ್ನಿಂದ ಆಗುವುದಿಲ್ಲ."

"ನಾನು ಮಕ್ಕಳ ವಾರ್ಡಿನವಳು," ಎಂದಳು ಅವಳು, ಮಗಳ ಜಡೆಯಿಂದ ಮಳೆಹನಿ ಒರೆಸುತ್ತ. "ಅಳುವ ಮಗುವನ್ನು ಯಾರ ಕೈಗೆ ಕೊಡಬೇಕು ಅಂತ ನನಗೆ ಗೊತ್ತುಂಟು. ಎಪ್ರಿಲಿಗೆ ಕರಾರು ಮುಗೀತದೆ, ಮತ್ತೆ ಬರೆದು ಕೊಡುವುದಿಲ್ಲ. ಅಲ್ಲಿಯವರೆಗೆ ನೀವು ನೋಡಿಕೊಳ್ಳಿ. ಅವಳು ನನ್ನನ್ನು ಕರೆಯದಿದ್ದರೂ ನಾನು ಅವಳ ತಾಯಿಯೇ ಅಲ್ವಾ?"

ಇಷ್ಟು ಹೇಳುವಾಗಲೂ ಅವಳು ಅಳಲಿಲ್ಲ. ಮನೆಗೆ ಹೋಗಿ, ಮಗಳ ಪೆಟ್ಟಿಗೆಯಿಂದ ಫ್ರಾಕುಗಳನ್ನು ಒಂದೊಂದಾಗಿ ಹೊರತೆಗೆದು ಮತ್ತೆ ಕಪಾಟಿನಲ್ಲಿ ಜೋಡಿಸುವಾಗ ಅತ್ತಳು. ಧನರಾಜ್ ಪಕ್ಕದಲ್ಲಿ ಕೂತು ಅವಳ ಕೈಯಿಂದ ಒಂದೊಂದನ್ನೇ ತೆಗೆದುಕೊಂಡು ಇಟ್ಟ. ಗೆದ್ದವನಂತೆ ಅವನಿಗೆ ಒಂದಿಷ್ಟೂ ಅನ್ನಿಸಲಿಲ್ಲ.

ಶನಿವಾರ ಬೆಳಗ್ಗೆ ತೃಪ್ತಿ ಮಗಳನ್ನು ತಾನೇ ಶಾಲೆಗೆ ಬಿಟ್ಟು, ಕೆನ್ನೆಗೆ ಮುತ್ತಿಟ್ಟು, ಹಿಂದೆ ನೋಡದೆ ಬಂದಳು. ಇರ್ಷಾದನ ಅಣ್ಣನ ಕಾರಿನಲ್ಲಿ ಧನರಾಜ್ ಅವಳನ್ನು ಬಜ್ಪೆಯ ವಿಮಾನ ನಿಲ್ದಾಣಕ್ಕೆ ಕರೆದೊಯ್ದ. ದಾರಿಯುದ್ದಕ್ಕೂ ಅವಳ ಕೈ ಅವನ ಕೈಯೊಳಗಿತ್ತು. ಬಾಗಿಲಲ್ಲಿ ಅವಳು ಟಿಕೇಟು ತೋರಿಸಿ ಒಳಗೆ ಹೋದಳು. ಅವನು ಗಾಜಿನ ಹೊರಗೆ ನಿಂತು, ಸಾಲಿನಲ್ಲಿ ಅವಳ ನೀಲಿ ಸೀರೆ ಮುಂದೆ ಮುಂದೆ ಸರಿಯುವುದನ್ನು ನೋಡುತ್ತಿದ್ದ. ಆಗ ಫೋನು ಬಂತು.

"ಸರ್, ನಾನ್ರಿ, ಶಿವಲೀಲಾ. ಇವತ್ತು ಕೂಸು ಮುಂಜಾನಿಂದ ಒಂದೇ ಸಮ ಅಳಾಕತ್ತೈತಿ. ನಿಮ್ಮ ಬಸ್ಸೂ ಬಂದಿಲ್ಲ, ಹಾರ್ನೂ ಆಗಿಲ್ಲ. ಈ ಸಲ ನಾ ತಪ್ಪು ತಿಳಕೊಂಡಿಲ್ರಿ, ನಿಮ್ಮನ್ನ ಕರಿಯಾಕತ್ತಾಳ. ಅಪ್ಪೆ ಓಲು, ಅಪ್ಪೆ ಓಲು ಅಂತಾಳ. ಅಪ್ಪ ಅಂದದ್ದು ಸ್ವಚ್ಛ ಕೇಳ್ತದ."

ಸಹೃದಯರೇ, ಟೀಚರನ್ನು ನೋಡಿ ನಗಬೇಡಿ. ತೃಪ್ತಿ ಅಂದು ಹೇಳದೆ ಉಳಿಸಿದ ಅರ್ಧ ಪಾಠ ಅದು. ಅಮ್ಮೆರ್ ಎಂದರೆ ತಂದೆಯಾದ ಆ ಭಾಷೆಯಲ್ಲಿ, ಅಪ್ಪೆ ಎಂದರೆ ತಾಯಿ. ಅಪ್ಪೆ ಓಲು ಎಂದರೆ, ಅಮ್ಮ ಎಲ್ಲಿ. ಬೆಳಗ್ಗೆ ಶಾಲೆಗೆ ಹೊರಡಿಸುವಾಗ ಸರಸಮ್ಮ ಎಂದಿನಂತೆ ತಮ್ಮ ಹಳೆಯ ನುಡಿಯಲ್ಲೇ ಹೇಳಿರಬೇಕು, ನಿನ್ನ ಅಪ್ಪೆ ಇವತ್ತು ಹೋಗ್ತಾಳೆ ಎಂದು. ಹಾದುಹೋಗುವವರಿಗೆ ಆ ಮಗು ಇಡುವ ಹೆಸರು ಅಜ್ಜಿಯ ಬಾಯಿಂದ ಬಂದದ್ದೇ ತಾನೇ?

ಒಂದು ಕ್ಷಣ, ಒಂದೇ ಒಂದು ಕ್ಷಣ, ಧನರಾಜನ ಎದೆಯಲ್ಲಿ ಮುಳ್ಳಾಡಿತು. ಅವನೂ ಮನುಷ್ಯನೇ. ಮರುಕ್ಷಣ ಅವನ ಮುಖದ ತುಂಬ ನಗೆ ಹರಡಿತು, ಕಣ್ಣಿನ ತುಂಬ ನೀರು.

"ಟೀಚರ್, ನಾನೊಂದು ನಂಬರ್ ಕಳಿಸ್ತೇನೆ. ಕೂಡಲೇ ಅದಕ್ಕೆ ಫೋನ್ ಮಾಡಿ ಮಗುವಿನ ಕೈಗೆ ಕೊಡಿ. ವಿಮಾನ ಹತ್ತುವುದರೊಳಗೆ."

"ಯಾರ ನಂಬರ್ ರೀ?"

"ಅವಳು ಯಾರನ್ನು ಕರೀತಾ ಇದ್ದಾಳೋ, ಅವರದ್ದು."

ಗಾಜಿನಾಚೆ, ಬಹಳ ದೂರದಲ್ಲಿ, ನೀಲಿ ಸೀರೆಯವಳು ಚೀಲ ತಡಕಾಡಿ ಫೋನು ತೆಗೆದು ಕಿವಿಗಿಟ್ಟಳು. ಮೊದಲು ಸುಮ್ಮನೆ ನಿಂತಳು. ಆಮೇಲೆ, ಅಷ್ಟೊಂದು ಜನರ ನಡುವೆ, ಸಾಲು ಬಿಟ್ಟು ತನ್ನ ಪೆಟ್ಟಿಗೆಯ ಮೇಲೆ ಕೂತುಬಿಟ್ಟಳು. ಹಿಂದಿನವರು ಅವಳನ್ನು ದಾಟಿ ದಾಟಿ ಮುಂದೆ ಹೋದರು. ಅವಳ ಬಾಯಿ ಚಲಿಸುತ್ತಿದ್ದದ್ದು ಅವನಿಗೆ ಕಾಣುತ್ತಿತ್ತು, ಮಾತು ಕೇಳಿಸುತ್ತಿರಲಿಲ್ಲ. ಕೇಳಿಸಬೇಕಾಗಿಯೂ ಇರಲಿಲ್ಲ.

ಮಗುವಿನ ಅಳುವಿನಲ್ಲಿ ತನ್ನ ಹೆಸರನ್ನೇ ಹುಡುಕುವುದು ಹೆತ್ತ ಜೀವದ ದೌರ್ಬಲ್ಯ. ಅದರಲ್ಲಿ ಇನ್ನೊಬ್ಬರ ಹೆಸರು ಕೇಳಿಸಿದಾಗ ಓಡಿಹೋಗಿ ಅವರನ್ನು ಕರೆತರುವುದು ಅದೇ ಜೀವದ ದೊಡ್ಡತನ. ಇವೆರಡರ ನಡುವಿನ ದಾರಿ ಬಹಳ ಉದ್ದವೇನಲ್ಲ, ಆದರೆ ಅದನ್ನು ನಡೆದವರ ಕಾಲು ನೋಯದೆ ಇರುವುದಿಲ್ಲ... ಆ ನೋವಿಗೆ ಪ್ರತಿಫಲವೇನು ಎಂದು ಯಾರಾದರೂ ಧನರಾಜನನ್ನು ಆಗ ಕೇಳಿದ್ದರೆ, ಅವನು ಉತ್ತರ ಕೊಡುತ್ತಿದ್ದನೋ ಇಲ್ಲವೋ. ಗಾಜಿಗೆ ಹಣೆಯೂರಿ, ನಗುತ್ತಲೇ ಅಳುತ್ತ, ಮಾತು ಮುಗಿಯುವವರೆಗೆ ವಿಮಾನ ಹೊರಡದಿರಲೆಂದು ಅವನು ಬೇಡಿಕೊಳ್ಳುತ್ತಿದ್ದ.